ಮೂರು ದಿನದ ಪಥ್ಯ

ಫೆಬ್ರವರಿ 3, ಬೆಳಿಗ್ಗೆ 6.15

ಇವತ್ತೂ ಇವರ ಮುಖ ಕೆಂಪು. ತಿಂಡಿ ತಿಂದು ಎದ್ದ ಐದೇ ನಿಮಿಷಕ್ಕೆ. ಕೊರಳಿನಿಂದ ಶುರುವಾಗಿ ಕೆನ್ನೆ, ಹಣೆ. ಕನ್ನಡಿ ಮುಂದೆ ತಲೆ ಬಾಚಿಕೊಳ್ಳುತ್ತಿದ್ದರು. ಟವೆಲ್ ಕೊಡುವ ನೆಪದಲ್ಲಿ ಹತ್ತಿರ ಹೋಗಿ ಬಾಯಿ ಮೂಸಿದೆ. ಟೂತ್‌ಪೇಸ್ಟ್ ವಾಸನೆ. ಒಂದು ಸಲ ಹಲ್ಲುಜ್ಜುವುದಕ್ಕೇ ಸೋಮಾರಿತನ ಮಾಡುತ್ತಿದ್ದ ಗಂಡ ಈಗ ತಿಂಡಿ ಆದಮೇಲೂ ಉಜ್ಜುತ್ತಾರೆ... ಯಾಕೆ?

ಓಡಿಸುವುದು ಶಾಲೆಯ ಬಸ್ಸು. ಒಳಗೆ ನಲವತ್ತು ಮಕ್ಕಳು.

ಫೆಬ್ರವರಿ 6

ಶಾಲೆಯಿಂದ ಫೋನ್ ಬಂತಂತೆ. ಯಾರೋ ತಾಯಿ ದೂರು ಕೊಟ್ಟಿದ್ದಾಳೆ, ಡ್ರೈವರ್ ಮುಖ ಕುಡಿದವನ ಹಾಗಿದೆ ಎಂದು. ಇನ್ನು ದಿನಾ ಬೆಳಿಗ್ಗೆ ಯಂತ್ರಕ್ಕೆ ಊದಬೇಕು. ಇವತ್ತು ಊದಿದ್ದಾರೆ. ಸೊನ್ನೆ.

ಅತ್ತೆಗೆ ಸಮಾಧಾನ. ಮಗ ಗೆದ್ದು ಬಂದ ಹಾಗೆ ಬೀದಿಗೆಲ್ಲ ಹೇಳಿಕೊಂಡು ಬಂದರು. ನನಗಿಲ್ಲ. ಹನ್ನೊಂದು ವರ್ಷದಿಂದ ಆಸ್ಪತ್ರೆಯ ಲ್ಯಾಬಿನಲ್ಲಿದ್ದೇನೆ. ಯಂತ್ರವನ್ನು ಕಣ್ಣು ಮುಚ್ಚಿ ನಂಬುವವರು ಯಂತ್ರದ ಜೊತೆ ಕೆಲಸ ಮಾಡಿದವರಲ್ಲ.

ಫೆಬ್ರವರಿ 9, ಭಾನುವಾರ

ಇವರು ಕಟಿಂಗ್‌ಗೆ ಹೋದಾಗ ಮನೆ ಜಾಲಾಡಿದೆ. ಶೂ ಒಳಗೆ, ಟೂಲ್ ಬಾಕ್ಸ್, ಫ್ಲಶ್ ಟ್ಯಾಂಕಿನ ಮುಚ್ಚಳದ ಕೆಳಗೆ. ಬಾಟಲಿ ಸಿಗಲಿಲ್ಲ. ಬ್ಯಾಗಿನ ಒಳಜೇಬಿನಲ್ಲಿ ಭೇದಿ ನಿಲ್ಲಿಸುವ ಮಾತ್ರೆ, ನಾಲ್ಕು ಸ್ಟ್ರಿಪ್. ಎರಡು ಖಾಲಿ.

ಬಂದ ಮೇಲೆ ನೇರವಾಗಿ ಕೇಳಿದೆ, ಕುಡೀತಿದ್ದೀರಾ ಎಂದು. ಇಲ್ಲ ಎಂದರು. ಅನ್ನುತ್ತಿದ್ದ ಹಾಗೇ ಕೊರಳು ಕೆಂಪೇರಿತು.

"ಮತ್ತೆ ಇದೇನು?"

"ನೀನು ಹಿಂಗೆ ಎದುರು ನಿಂತು ಕೇಳಿದ್ರೆ ಇನ್ನೂ ಜಾಸ್ತಿ ಆಗುತ್ತೆ ಕಣೇ."

ತಪ್ಪು ಒಪ್ಪಿಕೊಳ್ಳುವುದಕ್ಕೆ ಇದಕ್ಕಿಂತ ಬೇರೆ ರೀತಿ ಇದೆಯೇ? ಮಾತ್ರೆ ಬಚ್ಚಿಟ್ಟಿದ್ದು ಯಾಕೆ ಎಂದರೆ, ದಿನಕ್ಕೆ ಎಂಟು ಸಲ ಆಗುತ್ತೆ, ನಾಚಿಕೆ ಎಂದರು. ಹತ್ತೊಂಬತ್ತು ವರ್ಷ ಸಂಸಾರ ಮಾಡಿದವಳ ಹತ್ತಿರ ನಾಚಿಕೆ! ಕುಡಿತಕ್ಕೆ ಹೊಟ್ಟೆ ಕೆಡುವುದು ಹೊಸದೇನಲ್ಲ.

ಫೆಬ್ರವರಿ 17

ಶಾಲೆಯವರು ಮೆಡಿಕಲ್ ಸರ್ಟಿಫಿಕೇಟ್ ಕೇಳಿದ್ದಾರೆ. ನಮ್ಮ ಆಸ್ಪತ್ರೆಯ ಹೊಟ್ಟೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಅವರು ಮದ್ಯದ ಬಗ್ಗೆ ಒಂದೇ ಮಾತು ಕೇಳಿದರು. ಉಳಿದದ್ದೆಲ್ಲ ಭೇದಿ, ಉಬ್ಬಸ, ಕೆಂಪು. ಆಮೇಲೆ ಇಪ್ಪತ್ತನಾಲ್ಕು ಗಂಟೆಯ ಮೂತ್ರ ಪರೀಕ್ಷೆ ಬರೆದರು. ಸಿರೊಟೋನಿನ್ ನೋಡುವುದಕ್ಕೆ. ಅದನ್ನು ಮಾಡುವುದು ನನ್ನ ಟೇಬಲ್ಲಿನಲ್ಲೇ.

ದಾರಿಯಲ್ಲಿ ಇವರಿಗೆ ವಿವರಿಸಿದೆ. ಸಿರೊಟೋನಿನ್ ಎಂದರೆ ಎಲ್ಲರೂ ತಲೆ ಮುಟ್ಟಿಕೊಳ್ಳುತ್ತಾರೆ, ಸಂತೋಷದ ರಸ ಎಂದು. ತಲೆಯಲ್ಲಿರುವುದು ಚೂರು. ನೂರರಲ್ಲಿ ತೊಂಬತ್ತು ಭಾಗ ಇರುವುದು ಕರುಳಿನ ಗೋಡೆಯಲ್ಲಿ. ತಿಂದದ್ದನ್ನು ಮುಂದಕ್ಕೆ ತಳ್ಳುವುದಕ್ಕೆ ಅದು ಬೇಕು. ಮಿಕ್ಕಿದ್ದನ್ನು ರಕ್ತದ ಪ್ಲೇಟ್‌ಲೆಟ್‌ಗಳು ಹೊತ್ತುಕೊಳ್ಳುತ್ತವೆ, ಯಕೃತ್ತು ಒಡೆದು ಹಾಕುತ್ತದೆ, ಚೂರುಗಳು ಮೂತ್ರದಲ್ಲಿ ಹೋಗುತ್ತವೆ. ನಾವು ಅಳೆಯುವುದು ಆ ಚೂರುಗಳನ್ನು. ಕರುಳಿನಲ್ಲಿ ಗಂಟು ಬೆಳೆದು ಅದೇ ಸಿರೊಟೋನಿನ್ ಸುರಿಯತೊಡಗಿದರೆ ಭೇದಿ, ಉಬ್ಬಸ, ಮುಖವೂ ಕೆಂಪಾಗುತ್ತದೆ. ತೀರಾ ಅಪರೂಪ. ನಾನು ನೋಡಿದ್ದು ಎರಡೇ ಕೇಸು.

"ಅದು ಜಾಸ್ತಿ ಇದ್ರೆ ನಾನು ಖುಷಿಯಾಗಿರಬೇಕಿತ್ತಲ್ಲ," ಎಂದು ನಕ್ಕರು. ಮಾತು ಮರೆಸುವುದರಲ್ಲಿ ಸಾಹೇಬರು ಯಾವತ್ತೂ ಮುಂದು.

ಮೂರು ದಿನ ಪಥ್ಯ. ಬಾಳೆಹಣ್ಣು, ಟೊಮೇಟೊ, ಅನಾನಸ್, ವಾಲ್‌ನಟ್ ಮುಟ್ಟುವಂತಿಲ್ಲ. ಅವುಗಳಲ್ಲೇ ಸಿರೊಟೋನಿನ್ ಇದೆ, ಲೆಕ್ಕ ಕೆಡುತ್ತದೆ. ಅತ್ತೆಗೂ ಎದುರು ಕೂರಿಸಿಕೊಂಡು ಹೇಳಿದೆ. ಭೇದಿ ಎಂದರೆ ಮಗನಿಗೆ ಬಾಳೆಹಣ್ಣು ಕೊಡುವುದು ಅವರ ಹಳೇ ಚಾಳಿ.

ಫೆಬ್ರವರಿ 20, ಸಂಜೆ

ಡಸ್ಟ್‌ಬಿನ್ನಿನಲ್ಲಿ ಬಾಳೆಹಣ್ಣಿನ ಸಿಪ್ಪೆ. ಪೇಪರಿನಲ್ಲಿ ಸುತ್ತಿ, ಅಡಿಯಲ್ಲಿ.

ಕೇಳಲಿಲ್ಲ. ನೋಡೋಣ, ಎಷ್ಟು ದೂರ ಹೋಗುತ್ತಾರೆ ತಾಯಿ ಮಗ.

ಫೆಬ್ರವರಿ 24

ಇವರ ನಂಬರ್ ಮೂವತ್ತೊಂದು. ಎಂಟರ ಒಳಗಿರಬೇಕು.

ಮನೆಯವರ ಸ್ಯಾಂಪಲ್ ನಾವೇ ಮಾಡಬಾರದು ಎಂಬ ನಿಯಮವಿದೆ. ಬೇರೆಯವರಿಗೆ ಕೊಡಲಿಲ್ಲ. ಮೂವತ್ತೊಂದು ನೋಡಿದ ಕೂಡಲೇ ವಾಲ್‌ನಟ್ ಅಜ್ಜ ನೆನಪಾದರು. ಮೂರು ವರ್ಷದ ಹಿಂದೆ ಅವರದ್ದು ಇಪ್ಪತ್ತೊಂಬತ್ತು ಬಂದಿತ್ತು. ಡಾಕ್ಟರ್ ಹೆದರಿ ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡಿಸಿದರು. ಕಡೆಗೆ ನೋಡಿದರೆ ಅಜ್ಜ ದಿನಾ ಒಂದು ಹಿಡಿ ವಾಲ್‌ನಟ್ ತಿನ್ನುತ್ತಿದ್ದರು. ಪಥ್ಯ ಸರಿಯಾಗಿ ವಿಚಾರಿಸಲಿಲ್ಲ ಎಂದು ಎಲ್ಲರೆದುರು ನನ್ನನ್ನು ತರಾಟೆಗೆ ತೆಗೆದುಕೊಂಡರು. ಆವತ್ತಿನಿಂದ ಇಂಥ ನಂಬರ್ ಬಂದರೆ ಮೊದಲು ಬಾಯಿಯ ಮೇಲೆ ಅನುಮಾನ, ಆಮೇಲೆ ಕರುಳಿನ ಮೇಲೆ.

ಕಂಪ್ಯೂಟರಿನಲ್ಲಿ 'ರಿಜೆಕ್ಟ್' ಒತ್ತಿದೆ. ಕಾರಣ: ಪಥ್ಯ ಪಾಲಿಸಿಲ್ಲ. ನಂಬರ್ ಡಾಕ್ಟರಿಗೆ ಹೋಗಲಿಲ್ಲ.

ಮನೆಗೆ ಬಂದು ಕೂಗಾಡಿದೆ. ಬರೆಯುವುದಕ್ಕೂ ನಾಚಿಕೆಯಾಗುವ ಮಾತು ಆಡಿದೆ. ಇವರು ಕೆಂಪಾಗುತ್ತಾ ಕೂತಿದ್ದರು. "ತಿಂದಿಲ್ಲ. ಬೇಕಾದ್ರೆ ಇನ್ನೊಂದು ಸಲ ಕೊಡ್ತೀನಿ," ಎಂದರು. ನಿಮ್ಮ ಇನ್ನೊಂದು ಸಲ ಯಾರಿಗೆ ಬೇಕು ಎಂದೆ. ಅತ್ತೆ ಬಾಯಿ ತೆರೆದರು. ಅವರನ್ನೂ ಬಿಡಲಿಲ್ಲ.

ಫೆಬ್ರವರಿ 26

ಇಬ್ಬರೂ ನಾದಿನಿ ಮನೆಗೆ ಹೋದರು. ಹೋಗಲಿ.

ಮಾರ್ಚ್ 15

ಟೂತ್‌ಪೇಸ್ಟ್ ಮುಗಿಯುವುದೇ ಇಲ್ಲ.

ಏಪ್ರಿಲ್ 18

ನಾದಿನಿ ಫೋನ್. ಅತ್ತಿಗೆ, ಜಗಳ ಆಮೇಲೆ ಆಡೋಣ, ಒಂದು ಸಲ ಬಂದು ನೋಡಿ ಎಂದಳು. ಹೋದೆ. ಕಾಲು ಊದಿದೆ. ಮೆಟ್ಟಿಲು ಹತ್ತಿದರೆ ಏದುಸಿರು. ಪ್ಯಾಂಟು ಜಾರದಿರಲು ಬೆಲ್ಟಿಗೆ ಹೊಸ ತೂತು ಹಾಕಿದ್ದಾರೆ. ಬಸ್ಸು ತಾವಾಗಿಯೇ ಬಿಟ್ಟಿದ್ದಾರೆ, ಮಾರ್ಚ್ ಮೊದಲ ವಾರದಲ್ಲೇ. ಮಕ್ಕಳಿಗೆ ಏನಾದರೂ ಆದರೆ ಎಂದು. ನಾದಿನಿ ಮನೆಯಲ್ಲೂ ಒಂದು ತೊಟ್ಟು ಕುಡಿದದ್ದನ್ನು ಯಾರೂ ನೋಡಿಲ್ಲ.



ಏಪ್ರಿಲ್ 22

ಮನೆಗೆ ಕರೆತಂದು ರಜೆ ಹಾಕಿದೆ. ಮತ್ತೆ ಪಥ್ಯ. ಮೂರು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಬಚ್ಚಲಿನ ಬಾಗಿಲಲ್ಲೂ ನಿಂತೆ. ಏನಾದರೂ ತಿಂದುಬಿಡಲಿ, ನನ್ನ ಕೈಗೆ ಸಿಕ್ಕಿಬೀಳಲಿ ಎಂದು ಒಳಗೊಳಗೇ ಬೇಡಿಕೊಂಡೆ. ಗಂಡ ಕಳ್ಳನಾಗಿರಲಿ ಎಂದು ಬೇಡಿಕೊಳ್ಳುವ ಹೆಂಡತಿ ನಾನೊಬ್ಬಳೇ ಇರಬೇಕು.

ಇವತ್ತು ಅತ್ತೆ ತಾವಾಗಿಯೇ ಹೇಳಿದರು. "ಆ ಸಿಪ್ಪೆ ನಂದೇ ಕಣಮ್ಮ. ಅವನು ತಿನ್ನೋ ಹಾಗಿಲ್ಲ ಅಂದೆಯಲ್ಲ, ಅವನ ಎದುರು ತಿನ್ನೋಕೆ ಮನಸ್ಸು ಬರಲಿಲ್ಲ. ಕದ್ದು ತಿಂದೆ."

ಏಪ್ರಿಲ್ 25

ಸ್ಯಾಂಪಲ್ ಸಹೋದ್ಯೋಗಿಗೆ ಕೊಟ್ಟೆ. ಎಂಬತ್ತೆಂಟು. ಮೂರು ಸಲ ಮಾಡಿಸಿದೆ. ಎಂಬತ್ತೆಂಟು, ಎಂಬತ್ತೇಳು, ಎಂಬತ್ತೆಂಟು. ಒಮ್ಮೆಯಾದರೂ ಯಂತ್ರ ಕೈಕೊಡಬಾರದಿತ್ತೇ.

ಮೇ 2

ಸ್ಕ್ಯಾನ್ ಆಯಿತು. ಸಣ್ಣ ಕರುಳಿನಲ್ಲಿ ಗೋಲಿಯಷ್ಟು ಗಂಟು. ಯಕೃತ್ತಿನಲ್ಲಿ ಆರೇಳು. ಯಕೃತ್ತು ಸರಿಯಿದ್ದಷ್ಟು ದಿನ ಕರುಳಿನಿಂದ ಬಂದದ್ದನ್ನು ಒಡೆದು ಹಾಕುತ್ತದೆ, ಮುಖಕ್ಕೆ ಬಣ್ಣ ಬರುವುದು ಅಲ್ಲಿಗೂ ಹರಡಿದ ಮೇಲೇ ಹೆಚ್ಚು ಎಂದರು ಡಾಕ್ಟರ್. ಅಂದರೆ ನಾನು ರಿಜೆಕ್ಟ್ ಒತ್ತುವ ಮೊದಲೇ, ಫೆಬ್ರವರಿಯಲ್ಲೇ ಹರಡಿತ್ತು. ಒಂದು ಕ್ಷಣ ಹಗುರವಾಯಿತು. ಛೀ, ಎಂಥ ಹೆಂಗಸು ನಾನು.

ಆಮೇಲೆ ಹೃದಯದ ರಿಪೋರ್ಟ್ ತೆಗೆದರು. ಹೆಚ್ಚಾದ ಸಿರೊಟೋನಿನ್ ಮೊದಲು ತಲುಪುವುದು ಹೃದಯದ ಬಲಗಡೆಗೆ. ಅಲ್ಲಿನ ಕವಾಟ ದಪ್ಪಗಾಗಿ ಸರಿಯಾಗಿ ಮುಚ್ಚುತ್ತಿಲ್ಲ. ಕಾಲು ಊದಿದ್ದು ಅದಕ್ಕೇ. ಎರಡು ತಿಂಗಳು ಮೊದಲೇ ಗೊತ್ತಾಗಿದ್ದರೆ ಎಂದು ಕೇಳಿದೆ. "ಹೇಳೋಕಾಗಲ್ಲ. ಇಷ್ಟು ಆಗ್ತಿರಲಿಲ್ಲವೇನೋ," ಎಂದರು.

ಇಂಜೆಕ್ಷನ್ ಶುರುವಾಗಿದೆ. ಗಂಟು ಕರಗುವುದಿಲ್ಲ, ಸುರಿಯುವುದು ಕಡಿಮೆಯಾಗುತ್ತದೆ. ವರ್ಷಗಟ್ಟಲೆ ಬದುಕಿದವರಿದ್ದಾರಂತೆ. ಕವಾಟಕ್ಕೆ ಆಪರೇಷನ್ ಬೇಕಾಗಬಹುದು.

ಮೇ 13, ಮಧ್ಯಾಹ್ನ 3.40

ಭೇದಿ ನಿಂತಿದೆ. ಸ್ವಲ್ಪ ಬಿಳಿಚಿಕೊಂಡಿದ್ದಾರೆ, ಆದರೆ ಕೆಂಪು ಹೋಗಿ ಮುಖಕ್ಕೆ ತಮ್ಮ ಬಣ್ಣ ಬಂದಿದೆ.

ಬೆಳಿಗ್ಗೆ ಡಾಕ್ಟರ್ ಹಳೇ ದಾಖಲೆ ತೆರೆದರು. ಫೆಬ್ರವರಿಯದು ಕಣ್ಣಿಗೆ ಬಿತ್ತು. ರಿಜೆಕ್ಟ್, ಪಥ್ಯ ಪಾಲಿಸಿಲ್ಲ. ಪಕ್ಕದಲ್ಲಿ ನನ್ನ ಇನಿಶಿಯಲ್. ನನ್ನ ಕಡೆ ನೋಡಿದರು, ಆಮೇಲೆ ಇವರ ಕಡೆ.

"ಆಗ ಬಾಳೆಹಣ್ಣು ಏನಾದ್ರೂ ತಿಂದಿದ್ರಾ?"

 ಇವರು ಶಾಂತವಾಗಿ ಹೇಳಿದರು:

"ಹೌದು ಡಾಕ್ಟ್ರೇ. ಎರಡು ತಿಂದಿದ್ದೆ. ಇವಳು ಬೇಡ ಅಂದಿದ್ಲು, ನಾನೇ ಕೇಳಲಿಲ್ಲ."

ಹತ್ತೊಂಬತ್ತು ವರ್ಷದಲ್ಲಿ ನನಗೆ ತಿಳಿದಂತೆ ಇವರು ಹೇಳಿದ ಮೊದಲ ಸುಳ್ಳು. ಮುಖ ಸ್ವಲ್ಪವೂ ಕೆಂಪಾಗಲಿಲ್ಲ.

ಮನೆಗೆ ಬಂದು ಯಾಕೆ ಹಾಗಂದಿರಿ ಎಂದು ಕೇಳಿದೆ. ನನ್ನ ಕೆಲಸ ಹೋಯಿತು, ನಿನ್ನದಾದರೂ ಇರಲಿ ಎಂದು ಗೋಡೆ ಕಡೆ ತಿರುಗಿ ಮಲಗಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಡಾಕ್ಟರಿಗೆ ಪತ್ರ ಬರೆಯಬೇಕು. ನಾಳೆ ಎಂದರೆ ನನ್ನನ್ನು ನಾನೇ ನಂಬುವುದಿಲ್ಲ. ಇಲ್ಲೇ ಬರೆದು ನೋಡುತ್ತೇನೆ, ಆಮೇಲೆ ಬಿಳಿ ಹಾಳೆಗೆ. 'ಸರ್, ಅವರು ಏನೂ ತಿಂದಿರಲಿಲ್ಲ. ಸ್ಯಾಂಪಲ್ ಸರಿಯಾಗಿಯೇ ಇತ್ತು. ನಂಬರ್ ಮೂವತ್ತೊಂದು. ಅದನ್ನು ನಿಮಗೆ ಕಳಿಸದೆ, ಯಾರನ್ನೂ ಕೇಳದೆ, ರಿಜೆಕ್ಟ್ ಒತ್ತಿದ್ದು ನಾನು.'