ಮಳೆಯ ಮರುಬೆಳಗಿನ ಬ್ರೇಕು

ಮನೆ, ಹಿಂದಿನ ಕೋಣೆ
ಜುಲೈ ೯, ಮಂಗಳವಾರ ಮಧ್ಯಾಹ್ನ

ನನ್ನ ಚಿನ್ನದ ಸೊಸೆಗೆ,

ಹೇಗಿದ್ದೀಯ? ಕತ್ತಿನ ನೋವು ಇಳಿಯಿತೇ, ಇನ್ನೂ ಆ ಪಟ್ಟಿ ಕಟ್ಟಿಕೊಂಡೇ ಮಲಗುತ್ತೀಯೇ? ಪುಟ್ಟಿಯ ತುಟಿಯ ಹೊಲಿಗೆ ಬಿಚ್ಚಿದರೆಂದು ನಿನ್ನ ಅಣ್ಣ ಹೇಳಿದಾಗ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಗುರುತು ಉಳಿಯುತ್ತದೆ ಎಂದು ನೀನು ಕೊರಗುತ್ತಿದ್ದೀಯಂತೆ. ಉಳಿದರೆ ಉಳಿಯಲಿ ಬಿಡು, ಆ ಪುಂಡಿ ಅದನ್ನು ಪದಕದ ಹಾಗೆ ಶಾಲೆಯಲ್ಲೆಲ್ಲ ತೋರಿಸಿಕೊಂಡು ತಿರುಗುತ್ತಾಳೆ. ನನ್ನ ಮೊಣಕಾಲು ಎಂದಿನಂತೆಯೇ ಇದೆ, ನನಗಿಂತ ಜಾಸ್ತಿ ಮಾತಾಡುತ್ತದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಅಳುತ್ತೀಯ, ನೀನು ಅತ್ತರೆ ನಾನು ಬೈಯುತ್ತೇನೆ, ಹೇಳಬೇಕಾದ ವಿಷಯ ಗಂಟಲಲ್ಲೇ ಉಳಿಯುತ್ತದೆ. ಕಾಗದಕ್ಕಾದರೆ ಎದುರು ಮಾತಾಡುವ ಚಾಳಿ ಇಲ್ಲ.

ನಿನ್ನ ಜೊತೆ ಕೆಲಸ ಮಾಡುವ ಕನ್ನಡಕದ ನರ್ಸ್ ನಿನ್ನೆ ಬಂದಿದ್ದಳು. ನೀನು ಕೆಲಸ ಬಿಡುತ್ತೇನೆ ಎಂದೆಯಂತೆ. ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ಕೆಲಸಕ್ಕೆ ಕಾರು ಬೇಕು, ಕಾರನ್ನು ನಾನಿನ್ನು ಮುಟ್ಟುವುದಿಲ್ಲ, ಬೇರೆಯವರು ಬರಲಿ ಎಂದೆಯಂತೆ. ಆ ಹುಡುಗಿ ನಾಳೆ ನಿನ್ನನ್ನು ನೋಡಲು ಬರುತ್ತಾಳೆ, ಈ ಕಾಗದವನ್ನು ಅವಳ ಕೈಗೇ ಕೊಡುತ್ತೇನೆ. ಅವಳು ಹೇಳಿದ್ದರಲ್ಲಿ ಕೆಲಸದ ಮಾತಿಗಿಂತ ಇನ್ನೊಂದು ಮಾತು ನನ್ನ ಹೊಟ್ಟೆಗೆ ಚುಚ್ಚಿತು. ಶಾಲೆಯ ಗೇಟಿನ ಕಂಬಕ್ಕೆ ಕಾರು ಗುದ್ದಿದ ದಿನ ನೀನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನನ್ನ ಕೈ ಹಿಡಿದು ಏನು ಹೇಳಿದ್ದೆ? "ಅತ್ತೆ, ನಾನು ಸರಿಯಾಗೇ ಒತ್ತಿದೆ, ಅದು ಹಿಡೀಲಿಲ್ಲ" ಎಂದಿದ್ದೆ. ಈಗ "ನಾನೇ ತಡ ಮಾಡಿದ್ನೇನೋ" ಎನ್ನುತ್ತಿದ್ದೀಯಂತೆ. ನಿನ್ನ ಗಂಡ ಅವತ್ತು ಎಲ್ಲರ ಮುಂದೆ "ಒತ್ತೋದು ತಡ ಆಗಿರಬೇಕು ಬಿಡು" ಎಂದ. ಸ್ಟೇರಿಂಗ್ ಹಿಡಿಯಲು ಬಾರದವನು, ಜೀವಮಾನವಿಡೀ ಪಕ್ಕದ ಸೀಟಿನಲ್ಲಿ ಕೂತು ಬಂದವನು. ಅವನು ಅದನ್ನು ಸಮಾಧಾನ ಅಂದುಕೊಂಡೇ ಹೇಳಿದ. ನೀನು ಅದನ್ನು ನುಂಗಿಕೊಂಡು ತವರಿಗೆ ಹೋದೆ, ಈಗ ಅದನ್ನೇ ನಂಬಲು ಶುರು ಮಾಡಿದ್ದೀಯ. ನನಗೆ ಸಿಟ್ಟು ಬಂದಿದ್ದು ಅಲ್ಲಿ.

ಸಿಟ್ಟು ಬಂದರೆ ನಾನು ಸುಮ್ಮನೆ ಕೂರುವವಳಲ್ಲ ಎಂದು ನಿನಗೆ ಗೊತ್ತು. ಅವನು ಆ ಮಾತು ಆಡಿದ ದಿನದಿಂದಲೇ ನಮ್ಮ ಮೆಕ್ಯಾನಿಕ್ಕಿನ ಬೆನ್ನು ಹತ್ತಿದ್ದೇನೆ. ಏನು ಹೇಳಿದರೂ "ಆಯ್ತಕ್ಕ" ಎನ್ನುತ್ತಾನೆಂದು ಅವನಿಗೆ ಆಯ್ತಕ್ಕ ಎಂದೇ ಹೆಸರಿಟ್ಟವಳು ನೀನು, ಈಗ ಬೀದಿಗೆಲ್ಲ ಅದೇ ಹೆಸರು. ಪಾಪ, ಅವನು ಮಾಡದ ಪರೀಕ್ಷೆ ಇಲ್ಲ. ಮುಂದಿನ ದೀಪ, ಬಂಪರು ಸರಿ ಮಾಡಿದ ಮೇಲೆ ಒಣ ರಸ್ತೆಯಲ್ಲಿ ಓಡಿಸಿದ, ಕಾರು ಕಟ್ಟಿಹಾಕಿದ ಹಾಗೆ ನಿಂತಿತು. ಮಳೆಯಲ್ಲಿ ಆಗಿದ್ದು ಎಂದು ನಾನು ಹಠ ಹಿಡಿದು ಕೂತಿದ್ದಕ್ಕೆ, ಪೈಪು ಹಿಡಿದು ನಾಲ್ಕೂ ಚಕ್ರಕ್ಕೆ ನೀರು ಸುರಿದು ಮತ್ತೆ ಓಡಿಸಿದ. ಒಂದು ಚೂರು ಎಳೆದು ನಿಂತಿತು. ನೀರಿದ್ದರೆ ಅಷ್ಟು ಇದ್ದೇ ಇರುತ್ತದಂತೆ. ಬ್ರೇಕಿನ ಎಣ್ಣೆ ಬದಲಿಸಿದ, ಟೈರಿನ ಗೀರುಗಳಲ್ಲಿ ಉಗುರು ಇಟ್ಟು ಆಳ ನೋಡಿದ. ಕೊನೆಗೆ ತಲೆ ಕೆರೆದುಕೊಂಡು, "ಅಕ್ಕ, ಕಾರಲ್ಲೇನೂ ಇಲ್ಲ" ಎಂದ. ಬೇರೆ ಯಾರಿಗಾದರೂ ಅಷ್ಟು ಸಾಕಾಗುತ್ತಿತ್ತೇನೋ. ನನಗೆ ಮಾತ್ರ ಕಾರು ಗುದ್ದುವ ಮುಂಚಿನ ವಾರವಿಡೀ ನೀನು ಗೊಣಗುತ್ತಿದ್ದದ್ದು ನೆನಪಾಯಿತು. ಮಳೆ ಬಂದ ಮರುದಿನ ಬೆಳಿಗ್ಗೆ ಮೊದಲ ಸಲ ಮಾತ್ರ ಜಾರುತ್ತೆ, ಆಮೇಲೆ ಸರಿಹೋಗುತ್ತೆ ಎನ್ನುತ್ತಿದ್ದೆಯಲ್ಲ. ಮೊದಲ ಸಲ ಮಾತ್ರ ಎಂದಮೇಲೆ ಕಾರನ್ನು ಗ್ಯಾರೇಜಿಗೆ ಒಯ್ದು ನೋಡಿ ಏನು ಪ್ರಯೋಜನ? ಮೊದಲ ಸಲ ಆಗುವುದು ನಮ್ಮ ಬಾಗಿಲಲ್ಲಿ. ನನ್ನ ಸೊಸೆ ರೋಗಿಗಳ ಮನೆಗೇ ಹೋಗಿ ನೋಡುತ್ತಾಳೆ, ನೀನು ಒಂದು ಸಲ ಕಾರಿನ ಮನೆಗೆ ಬಂದು ನೋಡಲು ನಿನಗೇನು ದಾಡಿ ಎಂದೆ. "ಆಯ್ತಕ್ಕ" ಎಂದ.

ಮೊನ್ನೆ ಒಳ್ಳೆಯ ಮಳೆ ಬಿತ್ತು. ನಿನ್ನೆ ಬೆಳಿಗ್ಗೆ ನಿನ್ನ ಗಂಡ ಬೀರುವೊಂದನ್ನು ತಲುಪಿಸಲು ಬಾಡಿಗೆ ಟೆಂಪೋದಲ್ಲಿ ಹೊರಟ ಮೇಲೆ ಆಯ್ತಕ್ಕ ಬಂದ. ನಾನೂ ಹತ್ತಿ ಕೂತೆ. ಬೇಡ ಅಕ್ಕ ಎಂದ, ಕೇಳಲಿಲ್ಲ. ನಮ್ಮ ಬೀದಿಯ ಇಳಿಜಾರು ನಿನಗೆ ಗೊತ್ತೇ ಇದೆ, ಶಾಲೆಯ ಗೇಟಿನವರೆಗೂ ಬ್ರೇಕಿನ ಕೆಲಸವೇ ಇಲ್ಲ. ನಾವು ಅಷ್ಟು ದೂರ ಹೋಗಲಿಲ್ಲ. ದರ್ಜಿಯ ಮನೆಯ ಹತ್ತಿರ ಅವನು ಒತ್ತಿದ. ಕಾರು ಕೇಳಿಸಲೇ ಇಲ್ಲವೆಂಬಂತೆ ಮುಂದಕ್ಕೆ ಹೋಯಿತು. ನಿಧಾನವಾಗಿಯೇ ಹೋಗುತ್ತಿದ್ದೆವು, ಆದರೂ ನಾನು ಎರಡೂ ಕೈಯಿಂದ ಸೀಟು ಹಿಡಿದುಕೊಂಡೆ. ದರ್ಜಿಯ ಬೇಲಿಯೊಳಗೆ ಮೂಗು ತೂರಿಸಿ ನಿಂತಾಗ ಆಯ್ತಕ್ಕನ ಹಣೆಯಲ್ಲಿ ಬೆವರು. "ಪೆಡಲ್ ಗಟ್ಟಿಯಾಗೇ ಇದೆ ಅಕ್ಕ, ಪೂರ್ತಿ ಒತ್ತಿದೀನಿ, ಹಿಡೀತಿಲ್ಲ" ಎಂದ. ಅವತ್ತು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿನಗೆ ಹೇಗಾಗಿರಬೇಕು ಎಂದು ನನಗೆ ಆಗ ಗೊತ್ತಾಯಿತು. ನಾನು ಅಲ್ಲೇ ಅತ್ತುಬಿಟ್ಟೆ, ಬೇಲಿ ಮುರಿದದ್ದಕ್ಕೆ ಅಳುತ್ತಿದ್ದೇನೆ ಅಂದುಕೊಂಡು ದರ್ಜಿ ನನ್ನನ್ನು ಸಮಾಧಾನ ಮಾಡಿದ.

ಆಯ್ತಕ್ಕ ಅಲ್ಲೇ ಒಂದು ಚಕ್ರ ಬಿಚ್ಚಿದ. ಒಳಗೆ ಊಟದ ತಟ್ಟೆಯಷ್ಟಗಲದ ಕಬ್ಬಿಣದ ಡಿಸ್ಕ್ ಇರುತ್ತದೆ, ಬ್ರೇಕ್ ಒತ್ತಿದರೆ ಎರಡು ಕಡೆಯಿಂದಲೂ ಪ್ಯಾಡುಗಳು ಅದನ್ನು ಅದುಮಿ ಹಿಡಿಯುತ್ತವೆ. ಅದರ ಮೇಲೆ ಬೆರಳಾಡಿಸಿ ಮೂಸಿ ನೋಡಿದ, ನನ್ನ ಮೂಗಿಗೂ ಹಿಡಿದ. "ಅಕ್ಕ, ಇದು ನಿಮ್ಮನೆ ಕುರ್ಚಿ ವಾಸನೆ." ಮರಕ್ಕೆ ಪಾಲಿಶ್ ಹಾಕುವವನ ತಾಯಿ ನಾನು, ಆ ಮೇಣದ ವಾಸನೆ ನನ್ನ ದಿಂಬಿಗೂ ಹತ್ತಿದೆ. ಮಳೆ ಬಂದ ಮರುಬೆಳಿಗ್ಗೆ ಅವನು ಕಾಫಿಗೂ ಮುಂಚೆ ಬಟ್ಟೆಯ ಚೂರು ಹಿಡಿದು ಚಕ್ರಗಳ ಮುಂದೆ ಕುಕ್ಕರಗಾಲಲ್ಲಿ ಕೂರುವುದನ್ನು ನಾವಿಬ್ಬರೂ ನೋಡಿದ್ದೇವೆ, ಕೆಸರು ಒರೆಸುತ್ತಾನೆ ಅಂದುಕೊಂಡಿದ್ದೇವೆ. ಕೆಸರಲ್ಲ, ತುಕ್ಕು. ನೀರು ಬಿದ್ದರೆ ಆ ಡಿಸ್ಕಿನ ಮೇಲೆ ಕಂದು ಬಣ್ಣದ ತೆಳು ತುಕ್ಕು ಕಟ್ಟುತ್ತದೆ, ಚಕ್ರದ ಸಂದಿಯಿಂದ ಕಾಣುತ್ತದೆ. ಒಂದು ಸಲ ಬ್ರೇಕ್ ಒತ್ತಿದರೆ ತಾನಾಗೇ ಹೋಗುತ್ತದಂತೆ. ಅದು ಇವನಿಗೆ ಗೊತ್ತಿಲ್ಲ. ಉಜ್ಜಿ, ಮತ್ತೆ ಬರದಿರಲಿ ಎಂದು ಮೇಲೆ ಮೇಣ ಹಚ್ಚಿದ್ದಾನೆ. ಒಣ ದಿನಗಳಲ್ಲಿ ತುಕ್ಕಿಲ್ಲ, ಮೇಣವೂ ಇಲ್ಲ. ಮಳೆ ಬಂದರೆ ಮಾತ್ರ. ಎರಡು ಮೂರು ಸಲ ಬಲವಾಗಿ ಒತ್ತಿದರೆ ಆ ಮೇಣ ಬಿಸಿಗೆ ಸವೆದುಹೋಗುತ್ತದೆ, ಅದಕ್ಕೇ ಯಾರಿಗೂ ಸಿಗಲಿಲ್ಲ. ಆಯ್ತಕ್ಕ ಡಿಸ್ಕುಗಳನ್ನು ತೊಳೆದು, ಮೇಣ ಕುಡಿದಿದ್ದ ಪ್ಯಾಡುಗಳನ್ನು ಕಿತ್ತು ಹೊಸದು ಹಾಕಿದ್ದಾನೆ. ಇವತ್ತು ಬೆಳಿಗ್ಗೆ ತುಂತುರಲ್ಲೇ ಶಾಲೆಯ ಗೇಟಿನವರೆಗೂ ಓಡಿಸಿ ನೋಡಿದೆವು, ಹೇಳಿದಲ್ಲಿ ನಿಂತಿತು.

ಆದ್ದರಿಂದ ತಪ್ಪು ನಿನ್ನ ಕಾಲಿನದಲ್ಲ, ಕಣ್ಣಿನದಲ್ಲ. ಇದನ್ನು ನೀನು ಜೋರಾಗಿ ಓದಿಕೋ. ಇನ್ನು ಅವನ ವಿಷಯ. ಅವನ ಮೇಲೆ ಕೋಪ ಬರುತ್ತದೆ, ಮರುಕ್ಷಣ ಕರುಳು ಹಿಂಡುತ್ತದೆ. ಮನೆಯಲ್ಲಿ ಒಂದು ಕಲೆ ಕಂಡರೆ ಅವನಿಗೆ ಊಟ ಇಳಿಯುವುದಿಲ್ಲ. ನೀನು ರೋಗಿಗಳ ಮನೆ ಮುಂದೆ ಇಳಿಯುವ ಕಾರು ಕನ್ನಡಿಯ ಹಾಗಿರಬೇಕು ಎನ್ನುತ್ತಿದ್ದ. ಹೆಂಡತಿಗೆ ಒಂದು ಒಳ್ಳೆಯ ಮಾತು ಹೇಳಲು ಬಾಯಿ ಬರದವನು ಅವಳ ಕಾರಿನ ಗಾಲಿ ಒರೆಸಿದ. ಮಗಳ ತುಟಿ ಹರಿದದ್ದು ತನ್ನ ಕೈಯಿಂದ ಎಂದು ತಿಳಿದರೆ ಅವನು ಹೇಗೆ ತಡೆದುಕೊಳ್ಳುತ್ತಾನೋ. ಹೇಳದಿದ್ದರೆ ನೀನು ಹೊರಬಾರದ್ದನ್ನು ಹೊತ್ತುಕೊಂಡೇ ಇರಬೇಕು. ಮೇಣದ ಡಬ್ಬಿಯನ್ನು ನನ್ನ ಬಟ್ಟೆಗಳ ಕೆಳಗೆ ಬಚ್ಚಿಟ್ಟಿದ್ದೇನೆ, ಅವನಿಗೆ ಇನ್ನೂ ಹೇಳಿಲ್ಲ. ಮೊದಲು ತಿಳಿಯಬೇಕಾದವಳು ನೀನು. ಹೇಗೆ ಹೇಳಲಿ ಎಂದು ನೀನೇ ಹೇಳು.

ನಿನ್ನ ಅಣ್ಣನಿಗೂ ಅತ್ತಿಗೆಗೂ ನಾನು ಕೇಳಿದೆನೆಂದು ಹೇಳು. ಪುಟ್ಟಿಯ ಎರಡೂ ಕೆನ್ನೆಗೆ ಮುತ್ತು, ತುಟಿಗೆ ಪೂರ್ತಿ ವಾಸಿಯಾದ ಮೇಲೆ. ನೀನು ನೂರು ಕಾಲ ಚೆನ್ನಾಗಿರು ತಾಯಿ.

ನಿನ್ನ,
ಬಾಯಿಬಡುಕಿ ಅತ್ತೆ

ತಾ.ಕ., ಬುಧವಾರ: ಕನ್ನಡಕದ ಹುಡುಗಿ ಬಾಗಿಲಲ್ಲಿ ನಿಂತಿದ್ದಾಳೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನ ಉತ್ತರ ಬರುವವರೆಗೆ ಕಾಯಲು ಆಗಲಿಲ್ಲ. ನಿನ್ನೆಯ ತುಂತುರಿಗೆ ಡಿಸ್ಕು ಮತ್ತೆ ಕಂದಾಗಿತ್ತು, ಇವತ್ತು ಬೆಳಿಗ್ಗೆ ನಿನ್ನ ಗಂಡ ಬಟ್ಟೆ ಹಿಡಿದು "ಅಮ್ಮ, ಮೇಣದ ಡಬ್ಬಿ ಎಲ್ಲಿ" ಎಂದು ಒಳಗೆ ಬಂದ. ಎಲ್ಲವನ್ನೂ ಹೇಳಿಬಿಟ್ಟೆ. ಹೋಗಿ ನಿನ್ನ ಸೀಟಿನಲ್ಲಿ ಕೂತ. ನಾನು ಹೋಗಿ ನೋಡಿದರೆ ನಿಂತ ಕಾರಿನಲ್ಲಿ ಬ್ರೇಕನ್ನು ಒತ್ತುತ್ತಿದ್ದಾನೆ, ಬಿಡುತ್ತಿದ್ದಾನೆ, ಮತ್ತೆ ಒತ್ತುತ್ತಿದ್ದಾನೆ. "ಅವಳು ಹೀಗೇ ಒತ್ತಿರ್ತಾಳೆ ಅಲ್ವಾಮ್ಮ" ಎಂದು ಕೇಳಿದ. ಅದಕ್ಕೆ ಉತ್ತರ ಹೇಳಬೇಕಾದವಳು ನೀನು. ಕೆಲಸ ಬಿಡುವ ಮಾತನ್ನು ಸೋಮವಾರದವರೆಗಾದರೂ ತಡೆದಿಡು. ಶನಿವಾರ ಆಯ್ತಕ್ಕ ಕಾರನ್ನು ನಿನ್ನ ಅಣ್ಣನ ಮನೆಗೆ ತರುತ್ತಾನೆ, ಇವನೂ ಅದರಲ್ಲೇ ಬರುತ್ತಾನೆ. ಆಯ್ತಕ್ಕನಿಗೆ ಅಲ್ಲಿಂದಲೇ ಬಸ್ಸು ಹತ್ತಿ ವಾಪಸು ಬಾ ಎಂದಿದ್ದೇನೆ. ಆಮೇಲೆ ಆ ಕಾರನ್ನು ಮನೆಗೆ ತರಲು ನಿನ್ನನ್ನು ಬಿಟ್ಟರೆ ಯಾರೂ ಇರುವುದಿಲ್ಲ.