ಕೀಳು ಎಂಬ ಅಕ್ಷರ

ತೊಬಾ,
21 ಸೆಪ್ಟೆಂಬರ್ 2017

ಪ್ರೀತಿಯ ಯಾಸುಹಿಕೊ ಅವರಿಗೆ (ಪ್ರೀತಿಯ ಎಂದು ಬರೆದದ್ದು ಅಭ್ಯಾಸಬಲದಿಂದ),

ಸೆಂದಾಯ್‌ನಲ್ಲಿ ಆಗಲೇ ಚಳಿಯಂತೆ. ಬೆನ್ನುನೋವು ಹೇಗಿದೆ? ಕಚೇರಿ ಕ್ಯಾಂಟೀನಿನ ನೂಡಲ್ಸ್ ಒಂದನ್ನೇ ನಂಬಿಕೊಂಡಿರಬೇಡಿ. ನಾನೂ ಮಗಳೂ ಚೆನ್ನಾಗಿದ್ದೇವೆ. ಸುಜುನಾ ಕಿವುಡು ಮಕ್ಕಳ ಶಿಶುವಿಹಾರದಲ್ಲಿ ಈ ವಾರ ಆಕ್ಟೋಪಸ್‌ಗೆ ಕೈಸನ್ನೆ ಕಲಿತಳು. ಈಗ ಎದುರಿಗೆ ಸಿಕ್ಕವರೆಲ್ಲ ಅವಳಿಗೆ ಆಕ್ಟೋಪಸ್ಸೇ.

ನಿಮ್ಮ ಪತ್ರ ಬಂತು. ನಿಮ್ಮ ತಂಗಿ ಚಿನಾಮಿಯ ಮದುವೆಗೆ ಮಗಳನ್ನು ಕರೆತರಬೇಡ, ಯಾರಾದರೂ ಕೇಳಿದರೆ ಜ್ವರದಿಂದ ಕಿವಿ ಹೋಯಿತು ಎನ್ನು ಎಂದು ಬರೆದಿದ್ದೀರಿ. ಓದಿ ಮೈಯೆಲ್ಲ ಉರಿದುಹೋಯಿತು. ಇದು ನಿಮ್ಮಮ್ಮನ ಮಾತೆಂದು ಗೊತ್ತು, ಆದರೆ ಕೈಬರಹ ನಿಮ್ಮದು. ಎರಡು ವರ್ಷದ ಹಿಂದೆ ಆಸ್ಪತ್ರೆಯ ಕಾಗದದಲ್ಲಿ, ಮಗಳ ಕಿವುಡಿಗೆ ಕಾರಣ ರಕ್ತದಲ್ಲಿ ಬಂದ ‘ರೆಸ್ಸೇ’ ಗುಣ ಎಂದಿತ್ತು. ಆ ಪದದ ಮೊದಲ ಅಕ್ಷರದಲ್ಲಿ ಮೇಲೆ ‘ಕಡಿಮೆ’ ಎಂಬ ಗುರುತು, ಕೆಳಗೆ ‘ಬಲ’ ಎಂಬ ಗುರುತು. ಎರಡೂ ಸೇರಿದರೆ ಕೀಳು. ನಿಮ್ಮಮ್ಮ ಅದರ ಮೇಲೆ ಬೆರಳಿಟ್ಟು, “ನೋಡೇ, ಇಲ್ಲೇ ಬರ್ದಿದೆ, ಕೀಳು ಅಂತ. ನಮ್ ಮನೇಲಿ ಇಂಥಾದ್ದು ಇರ್ಲಿಲ್ಲಮ್ಮ” ಎಂದರು. ತಂದೆತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಹೀಗಾಗುತ್ತದೆ ಎಂದು ಡಾಕ್ಟರು ಎರಡು ಸಲ ಹೇಳಿದರು. ನೀವು ಚಪ್ಪಲಿ ನೋಡುತ್ತ ಕೂತಿರಿ.

ಆ ಪದದ ಹುಟ್ಟು ಹುಡುಕಿದೆ. ಪಶ್ಚಿಮದವರ ಮೂಲಪದ ‘ರಿಸೆಸಿವ್’ಗೆ ‘ಹಿಂದೆ ಸರಿದು ನಿಂತದ್ದು’ ಎಂದಷ್ಟೇ ಅರ್ಥ. ಒಂದು ತಲೆಮಾರು ಮರೆಯಲ್ಲಿದ್ದು ಆಮೇಲೆ ಕಾಣಿಸಿಕೊಳ್ಳುವಂಥದ್ದು. ಅದನ್ನು ಕೀಳು ಮಾಡಿದವರು ನಮ್ಮ ಪಂಡಿತರು. ಅವರು ಆರಿಸಿದ ಒಂದು ಅಕ್ಷರ ಹಿಡಿದುಕೊಂಡು ತಾಯಿಮಗ ಸೇರಿ ಎರಡು ವರ್ಷ ನನ್ನ ತಲೆ ತಗ್ಗಿಸಿದಿರಿ. ಈ ತಿಂಗಳು ತಳಿವಿಜ್ಞಾನಿಗಳ ಸಂಘ ಆ ಪದವನ್ನೇ ಕೈಬಿಟ್ಟಿದೆ. ಪತ್ರಿಕೆಯ ತುಂಡು ಜೊತೆಗಿಟ್ಟಿದ್ದೇನೆ. ಇನ್ನು ಮುಂದೆ ‘ಸೆನ್ಸೇ’. ಮೇಷ್ಟ್ರು ಎನ್ನುವ ‘ಸೆನ್ಸೇ’ ಅಲ್ಲ, ಗಾಬರಿಯಾಗಬೇಡಿ, ಉಚ್ಚಾರವಷ್ಟೇ ಒಂದು. ಬರೆಯುವುದು ‘ನೀರಿನಲ್ಲಿ ಮುಳುಗು’ ಎನ್ನುವ ಅಕ್ಷರದಿಂದ. ನಲವತ್ತು ವರ್ಷ ಸಮುದ್ರದಲ್ಲಿ ಮುಳುಗಿ ಚಿಪ್ಪು ತೆಗೆದ ನಿಮ್ಮಮ್ಮನಿಗೆ ಆ ಅಕ್ಷರವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ನಿಮಗೆ ನಾಚಿಕೆಯಾಗಬೇಕು. ನನಗಂತೂ ಇನ್ನು ಆಗುವುದಿಲ್ಲ.

ಬೆನ್ನಿಗೆ ಎಣ್ಣೆ ಹಚ್ಚಿಕೊಳ್ಳಿ, ಆರೋಗ್ಯವಾಗಿರಿ.

ಇನ್ನೂ ಸಿಟ್ಟಿನಲ್ಲೇ ಇರುವ,
ಸಾವೊರಿ

ಮ.ವಿ.: ಲಕೋಟೆ ಅಂಟಿಸುವಷ್ಟರಲ್ಲಿ ಚಿನಾಮಿ ಬಂದಳು. ಹೋದ ತಿಂಗಳು ತಾನೇ ಹೋಗಿ ರಕ್ತ ಪರೀಕ್ಷೆ ಮಾಡಿಸಿದಳಂತೆ. “ಆ ಗುಣ ನನ್ನಲ್ಲೂ ಇದೆ ಅತ್ತಿಗೆ. ಹುಡುಗನಿಗೂ ಹೇಳಾಯ್ತು, ‘ಅದಕ್ಕೇನೀಗ’ ಅಂದ. ಮದ್ವೇಲಿ ಹೂವು ಹಿಡ್ಕೊಂಡು ನನ್ ಮುಂದೆ ಸುಜುನಾನೇ ನಡೀಬೇಕು” ಎಂದಳು. ನಿಮ್ಮಮ್ಮನಿಗೆ ಇನ್ನೂ ಗೊತ್ತಿಲ್ಲ. ಅವರಿಗೆ ಹೇಳುವುದು ಮಗನ ಕೆಲಸ. ನೀವು ಹೇಳದಿದ್ದರೆ ಮದುವೆ ಊಟದಲ್ಲಿ ಎಲ್ಲರೆದುರು ಎದ್ದು ನಿಂತು ನಾನೇ ಹೇಳುತ್ತೇನೆ.