ಓದಬೇಡಿ, ಓಕೆ ಒತ್ತಿ

ನವನಗರ ನಡುಗಡ್ಡೆ
ನೆರೆಯ ವರ್ಷ ೨೧೪, ಹದಿಮೂರನೆಯ ತಿಂಗಳು, ಮೂವತ್ತನಾಲ್ಕನೇ ತಾರೀಕು

ಚೀಟಿ ಅಂಟಿಸಿದ ಮಹಾಶಯರಿಗೆ,

ತಾರೀಕು ಕಂಡು ಗಾಬರಿಯಾಗಬೇಡಿ. ನಾವು ವರ್ಷವನ್ನು ನೆರೆಯಿಂದ ನೆರೆಗೆ ಎಣಿಸುತ್ತೇವೆ. ನೆರೆ ತಡವಾದರೆ ತಿಂಗಳುಗಳು ಬೆಳೆಯುತ್ತವೆ. ನನ್ನ ಕೆಲವು ಮಾತುಗಳು ನಿಮಗೆ ಹೊಸವೆನಿಸಬಹುದು, ಅದಕ್ಕೆ ಕ್ಷಮೆ ಇರಲಿ. ಈ ಪತ್ರದಲ್ಲಿ ನಾನು ಕೇಳುವ ಕ್ಷಮೆ ಇದೊಂದೇ. ಪತ್ರ ನಿಮ್ಮ ಕಂಪ್ಯೂಟರಿನ ಪರದೆಯ ಮೇಲೆ ಮೂಡುತ್ತದೆ. ಪರದೆಯಲ್ಲಿ ಬಂದದ್ದನ್ನು ಓದುವ ಅಭ್ಯಾಸ ನಿಮಗಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ನಿಮ್ಮ ಹೆಸರು ಗೊತ್ತಿಲ್ಲ. ನಿಮ್ಮ ಕಾಲದ ಬಾಗಲಕೋಟೆಯ ಯಾವುದೋ ಕಚೇರಿಯಲ್ಲಿ ಕೂತಿದ್ದೀರಿ. ಎದುರಿಗೆ ಲಿನಕ್ಸ್ ಎಂಬ ತಂತ್ರಾಂಶದ ಕಂಪ್ಯೂಟರ್, ಆಚೆ ಮೂಲೆಯಲ್ಲಿ ಪ್ರಿಂಟರ್. ಆ ಪ್ರಿಂಟರಿನ ಮೇಲೆ ನೀವು ಒಂದು ಚೀಟಿ ಅಂಟಿಸಿದ್ದೀರಿ: ‘ಏನೇ ಮೆಸೇಜ್ ಬಂದರೂ ಓದಬೇಡಿ, ಓಕೆ ಒತ್ತಿ.’ ಮೇಲೆ ಟೇಪನ್ನು ಎಷ್ಟು ಬಿಗಿಯಾಗಿ ಹಾಕಿದ್ದೀರೆಂದರೆ, ಊರು ಮುಳುಗಿ ನಮ್ಮ ಹಿರಿಯರು ಎರಡೂ ಯಂತ್ರಗಳನ್ನು ದೋಣಿಯಲ್ಲಿ ಹೊತ್ತು ತಂದಾಗಲೂ ಚೀಟಿಯ ಮೂಲೆ ಎದ್ದಿರಲಿಲ್ಲ. ನೀವು ಮನಸ್ಸಿಟ್ಟು ಮಾಡಿದ ಕೆಲಸ ಬಹುಶಃ ಅದೊಂದೇ.

ಇಲ್ಲಿಂದ ದಡಕ್ಕೆ ಹೋಗುವವರಿಗೆ ದಾಟೋಲೆ ಬೇಕು, ಅಂದರೆ ಹೆಸರು, ಕಾರಣ, ಹಿರಿಯರ ಒಪ್ಪಿಗೆ ಅಚ್ಚಾದ ಒಂದು ಹಾಳೆ. ಕೈಬರಹವನ್ನು ದೋಣಿಯವರು ನಂಬುವುದಿಲ್ಲ. ಹೊಳೆದಂಡೆಯ ಜೊಂಡು ಕುಟ್ಟಿ ಹಾಳೆ ಮಾಡುತ್ತೇವೆ, ದೀಪದ ಮಸಿಯಿಂದ ಶಾಯಿ ಮಾಡುತ್ತೇವೆ, ಹಾಳೆಯನ್ನು ನಿಮ್ಮ ಕಾಲದ ಎ4 ಅಳತೆಗೇ ಕತ್ತರಿಸುತ್ತೇವೆ. ಪ್ರತಿ ದಾಟೋಲೆಗೂ ಪ್ರಿಂಟರ್ ತಡೆದು ನಿಲ್ಲುತ್ತದೆ. ಅದರ ಪುಟ್ಟ ಪರದೆಯಲ್ಲಿ ಏನೋ ಮೂಡುತ್ತದೆ. ಆಗ ಕಣ್ಣು ಮುಚ್ಚಿ ಓಕೆ ಗುಂಡಿ ಒತ್ತಲು ಒಂದು ಮನೆತನವಿದೆ. ಅದು ನಮ್ಮದು. ನಿಮ್ಮ ಸೋಮಾರಿತನ ನಮಗೆ ಅಡ್ಡಹೆಸರಾಗಿದೆ. ನಮ್ಮನ್ನು ಒತ್ತಗಾರರು ಎನ್ನುತ್ತಾರೆ. ಸಂಬಂಧ ಕೇಳಲು ಬಂದವರು ನಮ್ಮ ಹೆಣ್ಣುಮಕ್ಕಳ ಮುಖಕ್ಕಿಂತ ಮೊದಲು ಹೆಬ್ಬೆರಳು ನೋಡುತ್ತಾರೆ.

ಇಷ್ಟು ತಲೆಮಾರುಗಳ ಒತ್ತು ತಾಳದೆ ನಿನ್ನೆ ಬೆಳಿಗ್ಗೆ ಆ ಗುಂಡಿ ಒಳಗೆ ಕುಸಿಯಿತು. ನಿನ್ನೆಯೇ ನನ್ನ ಅಕ್ಕ ಬಾಳವ್ವ ದಡಕ್ಕೆ ಹೋಗಬೇಕಿತ್ತು. ಅವಳ ಎದೆಯಲ್ಲಿ ನೀರು ತುಂಬಿದೆ. ಅದನ್ನು ತೆಗೆಯುವ ವೈದ್ಯರು ಅಲ್ಲಿದ್ದಾರೆ. ಸಂಜೆಯ ದೋಣಿ ತಪ್ಪಿದರೆ ಮತ್ತೆ ದೋಣಿ ಬಿಡುವುದು ನೆರೆ ಬಂದು ಇಳಿದ ಮೇಲೆಯೇ, ಅಲ್ಲಿಯವರೆಗೆ ಅವಳು ಉಳಿಯುವುದಿಲ್ಲ. ನಡುಗಡ್ಡೆಯ ಹಿರಿಯರಾದ ನಮ್ಮ ದೊಡ್ಡಪ್ಪ ಗುರುಸಿದ್ದಪ್ಪ ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದರು. ವೈರು ಕಿತ್ತು ಮತ್ತೆ ಸಿಕ್ಕಿಸಿದರು. ಬೆನ್ನಿಗೆ ಎರಡು ತಟ್ಟಿದರು. ನೀವು ನಮಗೆ ಬಿಟ್ಟುಹೋದ ವಿದ್ಯೆ ಅಲ್ಲಿಗೆ ಮುಗಿಯಿತು. ಆಗ ಗೋಡೆಗೊರಗಿ ಕೂತಿದ್ದ ಅಕ್ಕ ಏದುಸಿರಿನ ನಡುವೆ ನನ್ನನ್ನು ಹತ್ತಿರ ಕರೆದಳು.

‘ಓದಬ್ಯಾಡ ಅಂತ ಬರದಾನ ಅಂದ್ರ, ಅಲ್ಲಿ ಓದೂವಂಥಾದ್ದು ಏನರೆ ಇರಬೇಕಲ್ಲ, ತಂಗಿ.’

ಓಕೆ ಯಾವುದೆಂದು ಗುರುತಿಸಲು ನಮ್ಮ ಮನೆಯಲ್ಲಿ ಇಂಗ್ಲಿಷ್ ಅಕ್ಷರ ಕಲಿಸುತ್ತಾರೆ. ನಾನು ಮೊದಲ ಸಲ ಕಣ್ಣು ಬಿಟ್ಟು ಓದಿದೆ. ‘ಲೆಟರ್ ಅಳತೆಯ ಹಾಳೆ ಇಡಿ’ ಎಂದಿತ್ತು. ಅಷ್ಟೇ. ಕಂಪ್ಯೂಟರಿನ ಸಹಾಯಪುಟ ತೆರೆದು ಓದಿದೆ. ಲೆಟರ್ ಎಂಬುದು ಎ4ಗಿಂತ ಕೊಂಚ ಗಿಡ್ಡ, ಕೊಂಚ ಅಗಲದ, ಅಮೆರಿಕದವರ ಹಾಳೆಯಂತೆ. ಲಿನಕ್ಸ್ ಹಾಕಿದ ದಿನ ಅದು ನಿಮ್ಮನ್ನು ಯಾವ ದೇಶದವರೆಂದು ಕೇಳಿತ್ತು. ನೀವು ಓದದೆ ‘ಮುಂದೆ’ ಒತ್ತಿದಿರಿ. ಅದು ನಿಮ್ಮನ್ನು ಅಮೆರಿಕದವರೆಂದು ನಂಬಿತು. ಪಾಪ, ಅದಕ್ಕೇನು ಗೊತ್ತು. ನಿಮ್ಮ ಬೀದಿಯ ಯಾವ ಅಂಗಡಿಯಲ್ಲೂ ಸಿಗದ ಹಾಳೆಯನ್ನು ಪ್ರತಿ ಸಲವೂ ಕೇಳುತ್ತಾ ಕೂತಿತು.

ಸೆಟ್ಟಿಂಗಿನಲ್ಲಿ ಲೆಟರ್ ತೆಗೆದು ಎ4 ಇಟ್ಟೆ. ಪ್ರಿಂಟರ್ ಅಲುಗಲಿಲ್ಲ; ದೋಷ ಕಂಡ ಮೇಲೆ ಲಿನಕ್ಸ್ ಅದನ್ನು ನಿಲ್ಲಿಸಿಬಿಟ್ಟಿತ್ತು. ‘ಮತ್ತೆ ಶುರು’ ಎಂದು ಕೊಟ್ಟು, ಸರತಿಯಲ್ಲಿ ತಡೆದಿಟ್ಟದ್ದನ್ನೆಲ್ಲ ಅಚ್ಚಿಗೆ ಬಿಟ್ಟೆ. ಹಾಳೆ ಹೊರಬಂತು. ಅಕ್ಕನ ದಾಟೋಲೆಯಲ್ಲ, ನಿಮ್ಮ ರಜೆ ಅರ್ಜಿ. ಹೊಟ್ಟೆನೋವಿನ ಕಾರಣ ಒಂದು ದಿನದ ರಜೆ ಬೇಕಂತೆ. ಹಾಳೆ ಬರಲಿಲ್ಲವೆಂದು ಮತ್ತೆ ಮತ್ತೆ ಪ್ರಿಂಟ್ ಕೊಟ್ಟು, ಕೊನೆಗೆ ಎಲ್ಲವನ್ನೂ ತಡೆದಿಟ್ಟು ಎದ್ದುಹೋಗಿದ್ದೀರಿ. ಹೊಟ್ಟೆನೋವಿದ್ದವರ ಬೆರಳಿಗೆ ಅಷ್ಟು ಕಸುವು ಎಲ್ಲಿಂದ ಬಂತೋ. ಹಳೆಯವೆಂದು ಅವೇ ಸರತಿಯ ಮುಂದೆ ನಿಂತಿದ್ದವು. ಅಳಿಸಲು ಹೋದ ನನ್ನ ಕೈಯನ್ನು ದೊಡ್ಡಪ್ಪ ಹಿಡಿದರು.

‘ಹಿರ್ಯಾರ ಹಾಳಿ ಅದಾವು. ಅವು ಮೊದ್ಲ ಬರಲಿ.’

ಎಲ್ಲರೂ ಕೈಮುಗಿದು ನಿಂತರು. ನಿಮ್ಮ ಹೊಟ್ಟೆನೋವು ಸಂಜೆಯವರೆಗೂ ಒಂದೊಂದಾಗಿ ಹೊರಬಿತ್ತು. ನಾನು ಅತ್ತೆ, ಬೈದೆ, ಯಾರೂ ಕೇಳಲಿಲ್ಲ. ಅಕ್ಕನ ದಾಟೋಲೆ ಕೈಗೆ ಬಂದಾಗ ದೋಣಿ ಹೊಳೆಯ ನಡುವೆ ಇತ್ತು.

ನಮ್ಮಲ್ಲಿ ಹಿನ್ನಂಚೆ ಇದೆ, ಹಿಂದಿನ ಕಾಲಕ್ಕೆ ಮಾತು ಒಯ್ಯುವ ಅಂಚೆ. ಇಲ್ಲಿ ಬರೆದ ಸಾಲು ಬರೆದ ಕೂಡಲೇ ಅಲ್ಲಿ ಮೂಡುತ್ತದೆ. ಒಂದು ಮನೆತನಕ್ಕೆ ಒಂದೇ ಪತ್ರ. ನಮ್ಮವ್ವ ತನ್ನ ಸತ್ತ ಅವ್ವನಿಗೆ ಬರೆಯಬೇಕೆಂದು ಅದನ್ನು ಜೋಪಾನ ಮಾಡಿದ್ದಳು. ಅದನ್ನು ನಿಮ್ಮಂಥವರಿಗೆ ಖರ್ಚು ಮಾಡಬೇಕಾಯಿತಲ್ಲ ಎಂದು ನನ್ನ ಹೊಟ್ಟೆ ಉರಿಯುತ್ತಿದೆ.

ಆ ಚೀಟಿಯ ಟೇಪು ನಿಮ್ಮಲ್ಲಿ ಇನ್ನೂ ಹೊಸದು. ಕಿತ್ತುಹಾಕಿ. ಸೆಟ್ಟಿಂಗಿನಲ್ಲಿ ಎ4 ಇಡಿ. ಸರತಿಯಲ್ಲಿರುವ ಹೊಟ್ಟೆನೋವುಗಳನ್ನೆಲ್ಲ ಅಳಿಸಿ. ಚಹಾ ಕುಡಿದು ಬಂದು ಮಾಡುತ್ತೇನೆ ಎನ್ನಬೇಡಿ, ನಿಮ್ಮ ಚಹಾ ಎಷ್ಟು ಹೊತ್ತಿನದೆಂದು ಊಹಿಸಬಲ್ಲೆ. ನೀವು ಮಾಡಿ ಮುಗಿಸಿದ ಕ್ಷಣ ಅಕ್ಕ ನಿನ್ನೆಯ ದೋಣಿ ಹತ್ತಿರುತ್ತಾಳೆ. ನಮ್ಮ ಮನೆತನಕ್ಕೆ ಬೇರೆ ಕಸುಬಿರುತ್ತದೆ, ನಿಮ್ಮನ್ನು ಬೈದ ನೆನಪೂ ನನಗಿರುವುದಿಲ್ಲ.

ಈ ಪತ್ರದ ಕೆಳಗೂ ಒಂದು ಓಕೆ ಇದೆ. ನಿಮ್ಮ ಬೆರಳು ಆಗಲೇ ಅತ್ತ ಹೊರಟಿರಬೇಕು. ಒಳಕೋಣೆಯಲ್ಲಿ ಅಕ್ಕ ಇನ್ನೂ ಕೆಮ್ಮುತ್ತಿದ್ದಾಳೆ. ಅಂದರೆ ನೀವಿನ್ನೂ ಕುರ್ಚಿ ಬಿಟ್ಟಿಲ್ಲ. ಒತ್ತಬೇಡಿ. ಏಳಿ.

ನೀಲಗಂಗವ್ವ ಒತ್ತಗಾರ